ಒಂದ ಸರ್ವೇ ನಂಬರ, ಆರು ಮಂದಿ ಹಿಸ್ಸೆದಾರರು

ತಂಗಿದು ಮದುವಿ ಮಾತುಕತಿ ನಡದಿತ್ತು. ಜಮಖಂಡಿ ಕಡೆ ಮಂದಿ, ಹುಡುಗ ಹುಬ್ಬಳ್ಳ್ಯಾಗ ನೌಕರಿ ಮಾಡ್ತಾನ, ವಿಜಾಪುರಕ್ಕ ಬಂದು ನೋಡ್ಕೊಂಡು ಹೋದ್ರು, ಅವಲಕ್ಕಿ ಚಾ ಎಲ್ಲಾ ಆತು, ಹುಡುಗ ಹುಡುಗಿ ಮಾಳಗಿ ಮ್ಯಾಲ ನಿಂತು ಹತ್ತು ಮಿನಿಟ ಮಾತಾಡಿದ್ರು, ಕೆಳಗ ಬರುವಾಗ ಇಬ್ಬರ ಮಾರಿ ಮ್ಯಾಲೂ ನಗಿ ಇತ್ತು, ಇನ್ನೇನು ಸಕ್ಕರಿ ಹಂಚೋದ ಬಾಕಿ ಅಂತ ನಾವು ತಿಳ್ಕೊಂಡಿದ್ವಿ. ಎಂಟು ದಿನಕ್ಕ ಫೋನ್ ಬಂತು. "ಹುಡುಗಿ ಚಲೋ ಅದಾಳ್ರಿ, ಮನಿತನಾನೂ ಚಲೋ ಐತಿ, ಆದ್ರ ಕುಂಡಲ್ಯಾಗ ಆರು ಗ್ರಹ ಒಂದ ಮನಿಯಾಗ ಕುಂತಾವಂತ್ರಿ, ಸನ್ಯಾಸ ಯೋಗ ಅಂತಾರ, ಸಂಸಾರ ಬಿಟ್ಟು ಹೋಗೋ ಯೋಗ, ಮತ್ತ ಅಮಾಸಿ ಹುಟ್ಟು ಬ್ಯಾರೆ, ನೀವೂ ಒಮ್ಮೆ ತೋರಿಸ್ರಿ."

ನಮ್ಮ ಕಡೆ "ಒಮ್ಮೆ ತೋರಿಸ್ರಿ" ಅಂದ್ರ ಅರ್ಧಾ ಬ್ಯಾಡ ಅಂದಂಗ. ಅವ್ವ ಫೋನ್ ಇಟ್ಟಾಕಿನ ಅಡಗಿಮನಿಗೆ ಹೋಗಿ ಕುಂತು ಬಿಟ್ಲು. ಅಪ್ಪ ಮಾತ್ರ ಪೇಪರಿನಿಂದ ತಲಿ ಎತ್ತಲಾರದನ "ನಾಳಿನ ದಿನಕ್ಕಿಂತ ಇಂದಿನ ದಿನಾನ ಲೇಸು ಅಂತ ಬಸವಣ್ಣ ಹೇಳಿ ಹೋಗ್ಯಾನ, ಇವರಿಗೆ ಯಾವ ಗ್ರಹದ ಹಂಗು" ಅಂದ್ರು. ಅಂದವರು ಸಂಜಿಗೆ ತಾವ ಎದ್ದು ಟ್ರಂಕ್ ತಗದು ತಂಗಿ ಜಾತಕದ ಹಾಳಿ ಹುಡುಕ್ತಿದ್ರು, ಅದ ಬ್ಯಾರೆ ಮಾತು.

ಮೊದಲು ಹತ್ರದ ಜೋಯಿಸರ ಕಡೆ ಹೋದ್ವಿ. ಅದನ್ನ ಉದ್ದ ಹೇಳೂದಿಲ್ಲ. ಹಾಳಿ ನೋಡಿ ಅರ್ಧ ಮಿನಿಟಿನ್ಯಾಗ "ಹೌದ್ರೀ, ಆರು ಗ್ರಹ ಕೂಟ, ಭಾಳ ಬಿಗಿ ಐತಿ" ಅಂದು ಒಂದು ಚೀಟಿ ಬರ್ದು ಕೊಟ್ರು, ಅದರಾಗ ಅಮಾವಾಸ್ಯಾ ಜನನ ಶಾಂತಿ, ನವಗ್ರಹ ಹೋಮ, ಕುಜ ಶಾಂತಿ, ಕೆಳಗ ಒಟ್ಟು ಮೊತ್ತ, ಆ ಮೊತ್ತದಾಗ ನನ್ನ ಗಾಡಿ ಎರಡು ಸಲ ಇಂಜಿನ್ ಕೆಲಸ ಮಾಡಸ್ಬಹುದಿತ್ತು. ಯಾಕ ಬಿಗಿ ಅಂತ ಕೇಳಿದ್ರ "ಆರು ಕೂಡ್ಯಾವಲ್ರೀ" ಅಂದ್ರು. ಕೂಡಿದ್ರ ಏನಾಗ್ತೈತಿ ಅಂದ್ರ "ಚಲೋ ಅಲ್ರೀ". ನಾ ಸರ್ವೇ ಕೆಲಸದವ, ಲೈಸೆನ್ಸ್ ಇರೋ ಭೂಮಾಪಕ, ದಿನಾ ಯಾರದರೆ ಹೊಲದ ಬದುವಿನ ಮ್ಯಾಲ ನಿಂತು ಡಿಗ್ರಿ ಮಿನಿಟು ಸೆಕೆಂಡು ಬರ್ಕೊಳ್ಳಾಂವ. "ಇಷ್ಟು ಹಿಸ್ಸೆ ಅದಾವ" ಅಂತ ಎಣಿಸಿ ಹೇಳಿ ಮನಿಗೆ ಹೋದ್ರ ರೈತರು ನನ್ನ ಸುಮ್ನ ಬಿಡ್ತಾರೇನು? ಯಾವ ಹಿಸ್ಸೆ ಎಲ್ಲಿ, ಹದ್ದು ಎಲ್ಲಿ, ಖಾತೆದಾರ ಯಾರು, ಅದನ್ನ ಹೇಳ್ಬೇಕು. ಹಂಗ ನೋಡೋಣು ಅಂತ ನಾನ ಕುಂತೆ. ನಂಬಿಕಿ ಇಲ್ಲ ಅಂತೇನಲ್ಲ, ಐತಿ ಅಂತನೂ ಅಲ್ಲ, ಸಿಟ್ಟು ಮಾತ್ರ ಇತ್ತು.

ಮೊಬೈಲಿನ್ಯಾಗ ಒಂದು ಆಪ್ ಹಾಕ್ಕೊಂಡು ತಾರೀಖು ಹಾಕಿದೆ. 2000, ಮೇ 4, ಬ್ರಾಸ್ತವಾರ, ವಿಜಾಪುರ. ಟೈಮು ಹಾಳಿ ಮ್ಯಾಲ "ಮುಂಜಾನೆ 9-30" ಅಂತಿತ್ತು. ಹೌದು, ಮೇಷದ ಮನಿಯಾಗ ರವಿ, ಚಂದ್ರ, ಬುಧ, ಗುರು, ಶುಕ್ರ, ಶನಿ, ಆರೂ ಒಂದರ ಮ್ಯಾಲೊಂದು ಅಕ್ಷರ ಬಿದ್ದು ಓದಾಕ ಬರಲಾರದಂಗ ಆಗಿದ್ವು. ಕುಜ ಮಾತ್ರ ಬಾಜೂಕ ವೃಷಭದಾಗ, ರಾಹು ಕರ್ಕದಾಗ, ಕೇತು ಮಕರದಾಗ. ಬಾಕಿ ಮನಿ ಎಲ್ಲಾ ಖಾಲಿ, ರಜಾ ದಿನದ ಸಾಲಿ ಕಂಡಂಗ.

ಆ ಚಕ್ರ ಆಯಿಗೆ ತೋರಿಸಿದ್ದಕ್ಕ ಆಕಿ 62ರ ಕತಿ ಶುರು ಹಚ್ಕೊಂಡ್ಲು. 1962 ಫೆಬ್ರವರಿಯೊಳಗ ಮಕರದಾಗ ಎಂಟು ಗ್ರಹ ಕೂಡಿದ್ವು, ಅಷ್ಟಗ್ರಹ ಕೂಟ ಅಂತ ದೇಶದ ತುಂಬ ಹೋಮ ಭಜನಿ ನಡದಿದ್ವು, ಆಯಿ ಆಗ ಹೊಸಾ ಸೊಸಿ, ಮೂರು ರಾತ್ರಿ ಊರ ಗುಡ್ಯಾಗ ಭಜನಿ, ಆಕಿ ಅತ್ತಿ ಕಡಬು ಮಾಡಿಸಿದ್ಲಂತ, ಜಗತ್ತು ಮುಳುಗೋದ ಇದ್ರ ಉಂಡರೆ ಸಾಯೋಣು ಅಂತ. "ಆಮ್ಯಾಲ?" ಅಂದೆ. "ಆಮ್ಯಾಲೇನು, ಮುಂಜಾನೆದ್ದು ಭಾಂಡಿ ತಿಕ್ಕಿದ್ವಿ." 2000 ಇಸವಿ ಮೇ 5ಕ್ಕೂ ಇಂಥದ ಒಂದು ಸುದ್ದಿ ಹಬ್ಬಿತ್ತು, ಗ್ರಹ ಎಲ್ಲಾ ಸಾಲಿಗೆ ಬರ್ತಾವ, ಭೂಮಿ ಹಾಳಾಗ್ತೈತಿ ಅಂತ. ನಮ್ಮ ಮನ್ಯಾಗ ಅದರ ಹಿಂದಿನ ದಿನ ತಂಗಿ ಬಂದ್ಲು, ಎರಡು ದಿನ ಬಿಟ್ಟು ಬಸವ ಜಯಂತಿ, ಆಸ್ಪತ್ರೆ ಮುಂದ ಮೆರವಣಿಗಿ ಡೊಳ್ಳಿನ ಸಪ್ಪಳಕ್ಕ ಕೂಸು ಮಲಗಲೇ ಇಲ್ಲ ಅಂತ ಅವ್ವ ಈಗೂ ಹೇಳ್ತಾಳ.

ಟೈಮಿನ ಮಾತಿಗೆ ಬರ್ತೀನಿ, ಯಾಕಂದ್ರ ಅದಕ್ಕ ನನಗ ವಾರ ಹಿಡೀತು. ಆ ದಿನ ಅಮಾಸಿ ಮುಗಿಯೋದು ಮುಂಜಾನೆ 9:42ಕ್ಕ. ಜಾತಕದ ಹಾಳ್ಯಾಗ 9:30. ಹಂಗಾದ್ರ ಅಮಾಸಿ ಹುಟ್ಟು. ಆದ್ರ ಆ ಹಾಳಿ ಬರದಿದ್ದು ಕೂಸಿನ ಹೆಸರಿಡೋ ಮುಂದ, ಕಾಕಾ ಹೋಗಿ ಬಾಯಿಲೆ ಹೇಳಿ ಬರಿಸ್ಕೊಂಡು ಬಂದಿದ್ರು, "ಒಂಬತ್ತುವರಿ ಹತ್ತರ ಸುಮಾರು" ಅಂದಿದ್ರಂತ, ಜಾತಕ ಬರಿಯಾವರು ಮೊದಲಿನ ಟೈಮನ್ನ ಹಿಡದು ಬರ್ಕೊಂಡ್ರು. ಡಿಸ್ಚಾರ್ಜ್ ಕಾರ್ಡ್ ಇರ್ಬೇಕು ಅಂತ ಹುಡುಕಿದ್ವಿ. ಅಟ್ಟದ ಮ್ಯಾಲಿನ ಪೆಟಗಿ, ಬೀರುವಿನ ಕೆಳಗಿನ ಖಾನೆ, ಅಪ್ಪನ ಸೊಸೈಟಿ ಫೈಲು. ಕಡಿಗೆ ಸಿಕ್ಕಿದ್ದು ಎಲ್ಲಿ ಅಂದ್ರ ಅವ್ವನ ಇಳಕಲ್ ಸೀರಿ ಮಡಚಿಟ್ಟ ಪ್ಲಾಸ್ಟಿಕ್ ಚೀಲದೊಳಗ, ಲಸಿಕಿ ಕಾರ್ಡಿನ ಜೋಡಿ ಪಿನ್ ಹೊಡದು. ಪಿನ್ ತುಕ್ಕು ಹಿಡದು ಹಾಳಿಗೆ ಕಂದು ಬಣ್ಣದ ಎರಡು ಕಣ್ಣು ಮೂಡಿದ್ವು, ಸರಿಯಾಗಿ ಟೈಮಿನ ಬಾಜೂಕನ. "ಹೆಣ್ಣು ಮಗು, 2.6 ಕೆಜಿ, 9.50 ಎಎಂ". ಐವತ್ತೋ ಮೂವತ್ತೋ ಅಂತ ಮೊದಲು ಸಂಶಯ ಬಂತು, ತುಕ್ಕಿನ ಕಲಿ ಐದರ ಹೊಟ್ಟಿ ಮ್ಯಾಲ ಬಿದ್ದಿತ್ತು. ಕಾರ್ಡಿನ್ಯಾಗ ಬ್ಯಾರೆ ಕಡೆ ಅದ ಸಿಸ್ಟರ್ ಬರದ 5 ಮತ್ತ 3 ಇದ್ವು, ಫೋಟೋ ತಗದು ದೊಡ್ಡದು ಮಾಡಿ ಬಾಜೂಕ ಇಟ್ಟು ನೋಡಿದೆ, ಹಳೇ ನಕ್ಷೆಯೊಳಗ ಅಳಿಸಿದ ಅಂಕಿ ಓದಿದಂಗ. ಐದರ ಮ್ಯಾಲಿನ ಗೆರಿ ಬ್ಯಾರೆ ಎಳೀತಿದ್ಲು ಆಕಿ. ಐವತ್ತ.

ಎಂಟು ಮಿನಿಟು. ಅಮಾಸಿ ಮುಗದು ಪಾಡ್ಯ ಹತ್ತಿ ಎಂಟು ಮಿನಿಟು ಆಗಿತ್ತು. ನಾ ಕುಣಿದಾಡಿ ಬಿಟ್ಟೆ, ಕೇಸ್ ಗೆದ್ದಂಗ.

ಆಪಿನ್ಯಾಗ ಇನ್ನೊಂದು ಖಾನೆ ಇತ್ತು, ಅಯನಾಂಶ. ಲಾಹಿರಿ, ರಾಮನ್ ಅಂತ ಏನೇನೋ. ಇದು ನನಗ ಭಾಳ ಸಲೀಸಾಗಿ ತಿಳೀತು ಯಾಕಂದ್ರ ನಮ್ಮ ಕೆಲಸದಾಗೂ ಯಾವ ಕಲ್ಲಿನಿಂದ ಅಳತಿ ಹಿಡೀತಿ ಅನ್ನೋದ ಮೊದಲ ಪ್ರಶ್ನೆ. ಮೇಷ ಎಲ್ಲಿಂದ ಶುರು ಅನ್ನೋ ಕಲ್ಲನ್ನ ಒಬ್ಬರು ಒಂದು ಕಡೆ ನೆಟ್ಟಾರ, ಇನ್ನೊಬ್ಬರು ಒಂದೂವರಿ ಡಿಗ್ರಿ ಸಮೀಪ ಸರಿಸಿ ನೆಟ್ಟಾರ. ಸರ್ಕಾರದ ಪಂಚಾಂಗ ಸುಧಾರಣಾ ಸಮಿತಿ, ಮೇಘನಾದ ಸಹಾ ಅಧ್ಯಕ್ಷರಿದ್ದದ್ದು, 1955ರಾಗ ವರದಿ ಕೊಟ್ಟಿತ್ತು, ಲಾಹಿರಿ ಅಂತ ಮಂದಿ ಅನ್ನೋದು ಅಲ್ಲಿಂದ ಗಟ್ಟಿಯಾಗಿದ್ದು. ಬೆಂಗಳೂರಿನ ಬಿ.ವಿ. ರಾಮನ್ ಅವರದು ಬ್ಯಾರೆ ಲೆಕ್ಕ. ತಂಗಿ ಕುಂಡಲ್ಯಾಗ ಕಲ್ಲು ಬದಲಿ ಮಾಡಿದ್ರೂ ಆರೂ ಗ್ರಹ ಮೇಷದಾಗ ಉಳೀತಾವ, ಆದ್ರ ಶನಿ ಭರಣಿ ನಕ್ಷತ್ರ ದಾಟಿ ಕೃತ್ತಿಕಾಕ್ಕ ಹೋಗ್ತಾನ, ದಶಾ ಲೆಕ್ಕ, ಅಂದ್ರ ಯಾವ ಗ್ರಹದ ಕಾಲ ಯಾವಾಗ ಅನ್ನೋದು, ಎರಡು ವರ್ಷದ ಮ್ಯಾಲ ಹಿಂದ ಸರೀತೈತಿ. ಜಮಖಂಡಿಯವರು ಯಾವ ಕಲ್ಲು ಹಿಡದಾರ ಅಂತ ಕೇಳಿದ್ರ ಅವರಿಗೆ ಅಂಥದ್ದೊಂದು ಐತಿ ಅಂತನ ಗೊತ್ತಿರಲಿಲ್ಲ.

ಇಷ್ಟಾದ ಮ್ಯಾಲ ಗೆಳೆಯ ಒಬ್ಬಾಂವ ಬಾಗಲಕೋಟಿಯ ಮಾಸ್ತರ ಹೆಸರು ಹೇಳಿದ. ಹೈಸ್ಕೂಲಿನ್ಯಾಗ ಗಣಿತ ಕಲಿಸಿ ರಿಟೈರ್ ಆದವರು, ಜ್ಯೋತಿಷ್ಯ ನೋಡ್ತಾರ, ರೊಕ್ಕ ತಗೊಳ್ಳೂದಿಲ್ಲ, ಬೈತಾರ. ಒಂದು ರವಿವಾರ ನಾನೂ ತಂಗೀನೂ ಬೈಕ್ ಹತ್ತಿದ್ವಿ. ಅವ್ವಗ ಹೇಳಲಿಲ್ಲ, ಹೇಳಿದ್ರ ಆಕೀನೂ ಬರ್ತಿದ್ಲು, ಬಂದು ಅಳ್ತಿದ್ಲು. ಕೊಲ್ಹಾರದಾಗ ಇಳದು ಮಡಿಕಿ ಮೊಸರು ತಗೊಂಡ್ವಿ, ಖಾಲಿ ಕೈಲೆ ಹೆಂಗ ಹೋಗೋದು, ಮುಂದ ಕೃಷ್ಣಾ ಸೇತುವಿ ಮ್ಯಾಲ ಗಾಳಿ ಹೆಂಗಿತ್ತಂದ್ರ ತಂಗಿ ಮೊಸರಿನ ಮಡಿಕಿ ಕೂಸು ಹಿಡದಂಗ ಅಪ್ಪಿಕೊಂಡು ಕುಂತಿದ್ಲು.

ಮಾಸ್ತರ ಮನಿ ನವನಗರದ ಒಂದು ಸೆಕ್ಟರಿನ್ಯಾಗ. ಹಳೇ ಬಾಗಲಕೋಟಿ ಮನಿ ಆಲಮಟ್ಟಿ ಹಿನ್ನೀರಿಗೆ ಹೋದಮ್ಯಾಲ ಬಂದವರು. ಮಾಡ್ಯಾಗ ಒಂದು ಕಬ್ಬಿಣದ ಟ್ರಂಕು, ತಗದ್ರ ಬರೇ ಪಂಚಾಂಗ, ವರ್ಷಕ್ಕೊಂದರಂಗ, ಬೆನ್ನಿಗೆ ಸುತಳಿ ಕಟ್ಟಿ ಶಕ ವರ್ಷ ಬರದಿಟ್ಟಾರ. "ಮನಿ ಬಿಡೋ ಮುಂದ ಹೆಂಡ್ತಿ ತಾಮ್ರದ ಹಂಡೆ ತರೋಣ ಅಂದ್ಲು, ನಾ ಇದನ್ನ ತಂದೆ. ಆಕಿ ಇನ್ನೂ ಕ್ಷಮಾ ಮಾಡಿಲ್ಲ" ಅಂದ್ರು. ಒಳಗಿಂದ "ಮಾಡೂದೂ ಇಲ್ಲ" ಅಂತ ಧ್ವನಿ ಬಂತು.

1922ನೇ ಶಕದ್ದು, ಸೋಲಾಪುರದ ದಾತೆ ಪಂಚಾಂಗ, ಹೊರಗ ತಗದ್ರು. ನಾ ನನ್ನ ಮೊಬೈಲ್ ಚಕ್ರ ಮುಂದ ಹಿಡದೆ, ತಳ್ಳಿದ್ರು. "ಮನಿ ತೋರಿಸಬ್ಯಾಡ. ಅಂಶ ಹೇಳು." ಅಂಶ ಅಂದ್ರ ನಮ್ಮ ಡಿಗ್ರಿ. ನಾ ಓದಿದೆ, ಅವರು ಹಳೇ ನೋಟಬುಕ್ಕಿನ್ಯಾಗ ಒಂದು ಉದ್ದ ಗೆರಿ ಎಳದು, ಸೊನ್ನಿಯಿಂದ ಮೂವತ್ತರ ತನಕ ಗುರ್ತು ಹಾಕಿ, ಒಂದೊಂದ ಗ್ರಹ ಚುಕ್ಕಿ ಇಟ್ಟು ಹೋದ್ರು. ಶುಕ್ರ 10ಕ್ಕ ಸ್ವಲ್ಪ ಕಮ್ಮಿ. ಬುಧ ಹದಿನಾಲ್ಕೂವರಿ. ರವಿ ಚಂದ್ರ ಇಬ್ಬರೂ 20. ಗುರು 23. ಶನಿ ಇಪ್ಪತ್ತಾರಕ್ಕ ಬಂದಾಂವ. ಅದನ್ನ ನೋಡಿದ ಕೂಡ್ಲೆ ನನಗ ತಲಿಗೆ ಹೊಳೀತು, ಇಷ್ಟು ದಿನ ಎಲ್ಲಾರೂ ಆರು ಗ್ರಹ ಒಂದು ಡಬ್ಬಿಯೊಳಗ ಹಾಕಿ ಮುಚ್ಚಳ ಹಾಕಿದ್ರು, ಇಲ್ಲಿ ಹದಿನಾರು ಡಿಗ್ರಿ ಉದ್ದದ ಹೊಲ ಐತಿ, ಒಬ್ಬೊಬ್ಬರು ಒಂದೊಂದ ಮೂಲಿಗೆ ನಿಂತಾರ.

"ಯುತಿ ಅಂದ್ರ ಏನಂತ ತಿಳ್ಕೊಂಡಿ?" ಅಂದ್ರು.

"ಕೂಡೋದ್ರಿ."

"ಸೂರ್ಯಸಿದ್ಧಾಂತ ಅನ್ನೋ ಹಳೇ ಖಗೋಳ ಗ್ರಂಥದಾಗ ಏಳನೇ ಅಧ್ಯಾಯ ಪೂರಾ ಇದರದ ಅದ. ಅಲ್ಲಿ ಮೊದಲನೇ ಮಾತ ಏನಂದ್ರ, ಕೂಡೋದ್ರಾಗ ತರಾ ಅವ. ಐದು ತಾರಾಗ್ರಹ, ಕುಜ ಬುಧ ಗುರು ಶುಕ್ರ ಶನಿ, ತಮ್ಮ ತಮ್ಮೊಳಗ ಹತ್ರ ಬಂದ್ರ ಯುದ್ಧ ಇಲ್ಲಾ ಸಮಾಗಮ. ಚಂದ್ರನ ಜೋಡಿ ಬಂದ್ರ ಸಮಾಗಮ. ಸೂರ್ಯನ ಜೋಡಿ ಬಂದ್ರ ಅಸ್ತಮಾನ. ನಿನ್ನ ತಂಗಿ ಕುಂಡಲ್ಯಾಗ ಮುಖ್ಯ ನಡದದ್ದು ಯಾವುದು ಹೇಳು."

ಗೆರಿ ನೋಡಿದೆ. ನಡುವ ಸೂರ್ಯ. "ಅಸ್ತ."

"ಹಾಂ. ಗುರುಗ ಅಸ್ತದ ಹದ್ದು 11 ಅಂಶ, ಅಂವ ಮೂರರಾಗ ಇದ್ದಾನ. ಶನಿಗ 15, ಅಂವ ಆರರೊಳಗ. ಬುಧಗ 14, ಅಂವ ಐದೂವರಿ ಹತ್ರ. ಮೂರೂ ಮಂದಿ ಬೆಳಕಿನ್ಯಾಗ ಮುಳುಗ್ಯಾರ, ನಾವು ಮುಳುಗಿದಂಗ. ಶುಕ್ರಗ 10, ಅಂವ 10ರ ಮ್ಯಾಲ ಕಾಲು ಅಂಶ ಅದಾನ. ಬಾಂದ ಮ್ಯಾಲ, ಹದ್ದಿನ ಕಲ್ಲಿನ ಮ್ಯಾಲ, ಕುಂತಾನ." ಆಮ್ಯಾಲ ನನ್ನ ಕಡೆ ನೋಡಿ, "ನೀನು ಸರ್ವೇದಾಂವ ಅಂದಿ, ಬಾಂದ ಮ್ಯಾಲ ಕುಂತವಂಗ ಯಾವ ಹೊಲ ಅಂತ ಬರೀತಿ?" ಅಂದ್ರು. ಇಬ್ಬರೂ ಖಾತೆದಾರರು ಒಪ್ಪಿದ್ರಷ್ಟ ಬರೀತೀನ್ರಿ ಅಂದೆ. ನಕ್ಕರು.

ಯುದ್ಧ ಇಲ್ಲೇನ್ರಿ, ಗುರು ಶನಿ ಹತ್ರನ ಅದಾರಲ್ಲ, ಅಂತ ಕೇಳಿದೆ. ಒಂದು ಅಂಶದೊಳಗ ಬಂದ್ರ ಮಾತ್ರ ಯುದ್ಧ, ಇಲ್ಲಿ ಎರಡೂವರಿ ಮ್ಯಾಲ ಅದ, ಅವರು ಖರೇ ಕೂಡಿದ್ದು ಅದ ತಿಂಗಳು 28ಕ್ಕ ಅಂದ್ರು. ಇಪ್ಪತ್ತು ವರ್ಷಕ್ಕೊಮ್ಮೆ ಕೂಡ್ತಾರ ಇವರು. ಆಮ್ಯಾಲಿಂದು 2020 ಡಿಸೆಂಬರ್ 21, ಅದು ನನಗ ಗೊತ್ತೈತಿ, ಕಣ್ಣಾರೆ ನೋಡೀನಿ. ಲಾಕ್‌ಡೌನ್ ಆದ ವರ್ಷ, ಸಂಜಿ ಹೊತ್ತು ಮಾಳಗಿ ಮ್ಯಾಲ ಟೋಟಲ್ ಸ್ಟೇಶನ್, ನಮ್ಮ ಅಳತಿ ಯಂತ್ರ, ಇಟ್ಟು ಪಡುವಣಕ್ಕ ತಿರುಗಿಸಿದ್ದೆ, ಅದರ ದುರ್ಬೀನಿನ ಕಣ್ಣಿನ್ಯಾಗ ಗುರು ಶನಿ ಇಬ್ಬರೂ ಒಟ್ಟಿಗೆ ಕಂಡ್ರು, ನಡುವ ಅಂತರ ಡಿಗ್ರಿದಾಗ ಹತ್ತರಾಗ ಒಂದು ಪಾಲು, ಗುರುವಿನ ಬಾಜೂಕ ಸೂಜಿ ಮೊನಿಯಷ್ಟು ಚುಕ್ಕಿ ಕಂಡಿದ್ವು, ಅವನ ಚಂದ್ರರು. ಓಣಿ ಹುಡುಗರು ಸಾಲು ಹಚ್ಚಿ ನೋಡಿದ್ರು. 2000ದಾಗಿನ ಆ ಆರು ಗ್ರಹದ್ದು ಮಾತ್ರ ಯಾರೂ ನೋಡಿರಾಕಿಲ್ಲ, ಎಲ್ಲಾ ಸೂರ್ಯನ ಬಗಲಿಗೆ ಇದ್ವು, ಹೆಚ್ಚು ಕಮ್ಮಿ ಅವನ ಜೋಡಿನ ಮೂಡಿ ಅವನ ಜೋಡಿನ ಮುಳುಗಿದ್ವು. ಕಣ್ಣಿಗೆ ಬೀಳಲಾರದ ಕೂಟಕ್ಕ ಜಮಖಂಡ್ಯಾಗ ಮಂದಿ ಅಂಜ್ಯಾರ.

ಸನ್ಯಾಸ ಯೋಗದ ಮಾತು ನಾನ ತಗದೆ. ಮಾಸ್ತರ ಹುಬ್ಬು ಗಂಟಾತು. "ಬೃಹಜ್ಜಾತಕದಾಗ ಪ್ರವ್ರಜ್ಯಾ, ಅಂದ್ರ ಸನ್ಯಾಸ, ಅಂತ ಒಂದು ಅಧ್ಯಾಯನ ಅದ. ವರಾಹಮಿಹಿರ ಹೇಳೂದು, ನಾಕು ಅಥವಾ ಹೆಚ್ಚಿಗಿ ಗ್ರಹ ಒಂದ ಕಡೆ ಬಲಾ ಇದ್ದು ಕೂಡಿದ್ರ. ಬಲಾ ಇದ್ದು. ಅದನ್ನ ನುಂಗಿ ಎಣಿಕಿ ಒಂದ ಹಿಡ್ಕೊಂಡ್ರ ಹೆಂಗ? ಮುಂದಿನ ಶ್ಲೋಕ ಓದಿದ್ರ ಗೊತ್ತಾಗ್ತಿತ್ತು. ಆ ಗ್ರಹ ರವಿ ಬೆಳಕಿನ್ಯಾಗ ಲುಪ್ತ ಆಗಿದ್ರ ಅವರು ದೀಕ್ಷಾ ತಗೊಳ್ಳೂದಿಲ್ಲ, ದೀಕ್ಷಾ ತಗೊಂಡವರ ಮ್ಯಾಲ ಭಕ್ತಿ ಇಟ್ಟಿರ್ತಾರ, ಅಷ್ಟ."

ತಂಗಿ ಇಷ್ಟೊತ್ತು ಸುಮ್ಮನಿದ್ದಾಕಿ ಫಕ್ಕನ ನಕ್ಲು. ಯಾಕಂದ್ರ ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತು, ಈಕಿ ಕಾಲೇಜಿನಿಂದ ಹಿಡದು ಜ್ಞಾನಯೋಗಾಶ್ರಮಕ್ಕ ಪ್ರವಚನ ಕೇಳಾಕ ಓಡಾಕಿ, ಡ್ಯೂಟಿ ಬದಲಿ ಮಾಡ್ಕೊಂಡು ಹೋಗಾಕಿ, 2023 ಜನವರಿಯೊಳಗ ಸಿದ್ಧೇಶ್ವರ ಅಪ್ಪಾರು ಲಿಂಗೈಕ್ಯ ಆದಾಗ ರಾತ್ರಿಯೆಲ್ಲಾ ಸಾಲಿನ್ಯಾಗ ನಿಂತು ಕಾಲು ಬಾಯಿಸ್ಕೊಂಡು ಬಂದಿದ್ಲು. ನಾನು ಮೈ ಜುಮ್ಮಂದು ಮಾಸ್ತರಿಗೆ ಇದನ್ನ ಹೇಳಿದೆ, ನೋಡ್ರಿ ಬರೋಬರಿ ಆತು ಅಂತ. ಅವರು ಕೈ ಬೀಸಿ ತಳ್ಳಿ ಹಾಕಿದ್ರು. "ವಿಜಾಪುರದಾಗ ಆ ಪ್ರವಚನ ಕೇಳಲಾರದಾಂವ ಯಾರಿದ್ದಾನ? ಎಲ್ಲಾರ ಕುಂಡಲ್ಯಾಗೂ ಆರು ಗ್ರಹ ಕೂಡ್ಯಾವೇನು?" ನನಗ ಅಲ್ಲೆ ಅವರ ಮ್ಯಾಲ ವಿಶ್ವಾಸ ಬಂತು.

ಆಮ್ಯಾಲ ಲಗ್ನ, ಮದುವಿ ಅಲ್ಲ, ಹುಟ್ಟಿದ ಹೊತ್ತಿಗೆ ಮೂಡಣಕ್ಕ ಏಳೋ ರಾಶಿ. 9:50ಕ್ಕ ಮಿಥುನ ಲಗ್ನ, 9ರಿಂದ ಹತ್ತೂವರಿ ತನಕ ಯಾವಾಗ ಹುಟ್ಟಿದ್ರೂ ಮಿಥುನನ ಅಂತ, ಹಂಗಾಗಿ ನನ್ನ ಐದು ಮೂರರ ಸಂಶೋಧನೆ ಲಗ್ನಕ್ಕ ಏನೂ ಉಪಯೋಗ ಆಗಲಿಲ್ಲ. ಮಿಥುನದಿಂದ ಮೇಷ ಹನ್ನೊಂದನೇದು, ಲಾಭಸ್ಥಾನ. ಜಮಖಂಡಿಯವರು ಚಂದ್ರ ಇದ್ದ ರಾಶಿಯಿಂದನ ಎಣಿಸಿದ್ರು, ಅದಕ್ಕ ಆರೂ ಒಂದನೇ ಮನಿಯಾಗ, ಮೈ ಮ್ಯಾಲನ ಬಂದು ಕುಂತಂಗ ಕಂಡಾವ. ಹನ್ನೊಂದರಾಗ ಯಾವ ಗ್ರಹ ಇದ್ರೂ ಏನರೆ ತರ್ತಾವ ಅಂತ ರೂಢಿ ಮಾತು ಐತಿ, ಆದ್ರ ಮಾಸ್ತರು ಅದರ ಮ್ಯಾಲ ಭಾರ ಹಾಕಲಿಲ್ಲ. ಯಾರ್ಯಾರು ಯಾವ್ಯಾವ ಮನಿ ಒಡಿಯರು ಅಂತ ಬರಸಿದ್ರು. ಬುಧ 1, 4. ಚಂದ್ರ 2. ರವಿ 3. ಶುಕ್ರ 5, 12. ಗುರು 7, 10. ಶನಿ 8, 9. ಅಂದ್ರ ಕುಜನ 6, 11 ಬಿಟ್ರ ಇಡೀ ಕುಂಡಲಿ ಮಾಲಕರೆಲ್ಲಾ ತಮ್ಮ ಮನಿ ಕೀಲಿ ಹಾಕ್ಕೊಂಡು ಒಂದ ಹೊಲದಾಗ ಬಂದು ಕುಂತಾರ. ಮತ್ತ ಆ ಹೊಲದ ಮಾಲಕ ಕುಜ ಎಲ್ಲಿದ್ದಾನ? ಬಾಜೂಕಿನ ವೃಷಭದಾಗ. ವೃಷಭದ ಮಾಲಕ ಶುಕ್ರ ಎಲ್ಲಿದ್ದಾನ? ಇವನ ಹೊಲದಾಗ. ಇದು ನಮ್ಮ ಕಡೆ ಹೊಲಕ್ಕ ಹೊಲ ಅದಲ ಬದಲ ಮಾಡ್ಕೊಂಡು ಉತಾರದಾಗ, ಹೊಲದ ಸರ್ಕಾರಿ ದಾಖಲ್ಯಾಗ, ಹೆಸರು ಮಾತ್ರ ಹಳೇದ ಉಳದಂಗ, ಅದಕ್ಕ ಪರಿವರ್ತನ ಅಂತಾರಂತ. ನಾ ಇಂಥ ಕೇಸು ಇಂಡಿ ತಾಲೂಕಿನ್ಯಾಗ ಎಷ್ಟು ನೋಡೀನಿ, ಇಬ್ಬರೂ ಚಂದ ಇದ್ರ ಮೂವತ್ತು ವರ್ಷ ಏನೂ ಆಗೂದಿಲ್ಲ, ಒಬ್ಬಾಂವ ಬೋರ್ ಹೊಡಸಿದ್ರ ಮುಗೀತು. ಹನ್ನೊಂದು ಹನ್ನೆರಡರ ಅದಲ ಬದಲ, ಬಂದದ್ದು ಹೋಗ್ತದ, ರೊಕ್ಕ ನಿಲ್ಲೂದು ಕಷ್ಟ, ಅದನ್ನ ಮಾತ್ರ ಖರೇ ತೊಂದ್ರಿ ಅಂತ ತಿಳೀರಿ ಅಂದ್ರು. ತಂಗಿ ಪಗಾರ ಹತ್ತನೇ ತಾರೀಖಿಗೆ ಖಾಲಿ ಆಗ್ತೈತಿ ಅನ್ನೋದನ್ನ ಈ ಸಲ ನಾ ಹೇಳಲಿಲ್ಲ.

ಕುಜ ಹನ್ನೆರಡರಾಗ ಅಂದ್ರ ಕುಜದೋಷ ಅಲ್ಲೇನ್ರಿ ಅಂದೆ, ಚೀಟಿಯೊಳಗ ಅದಕ್ಕ ಬ್ಯಾರೆ ರೇಟ್ ಇತ್ತಲ್ಲ. ಹನ್ನೆರಡನೇ ಮನಿ ಶುಕ್ರನ ರಾಶಿ ಆಗಿದ್ರ, ವೃಷಭ ಇಲ್ಲಾ ತುಲಾ, ದೋಷ ಹಿಡಿಯೂದಿಲ್ಲ ಅಂತ ವಿನಾಯಿತಿ ಅದ ಅಂದ್ರು. ಶನಿ ಮೇಷದಾಗ ನೀಚ, ಅಂದ್ರ ಬಲ ತೀರಾ ಕಮ್ಮಿ, ಅದರ ಜೋಡಿ ಅಸ್ತ, ಇದು ಚಲೋ ಅಲ್ಲ, ಆದ್ರ ಅದ ಮೇಷದಾಗ ಉಚ್ಚ ಆಗೋ ರವಿ, ಶನಿ ಉಚ್ಚ ಆಗೋ ತುಲಾದ ಒಡಿಯ ಶುಕ್ರ, ಇಬ್ಬರೂ ಚಂದ್ರನ ಜೋಡಿನ ಅದಾರ, ನೀಚಭಂಗ ಆಗ್ತದ, ಆ ದೋಷ ಮುರೀತದ. ಏಳನೇ ಮನಿ ಧನು, ಒಡಿಯ ಗುರು ಮುಳುಗಿದ್ರೂ ಒಂಬತ್ತನೇ ದೃಷ್ಟಿ ತನ್ನ ಮನಿ ಮ್ಯಾಲ ಇಟ್ಟಾನ. ಅದ ಮನಿ ಮ್ಯಾಲ ಕುಜಂದೂ ಎಂಟನೇ ದೃಷ್ಟಿ ಅದ. "ಜಗಳಾ ಆಗ್ತಾವ. ಸಂಸಾರ ಬಿಟ್ಟು ಎಲ್ಲೂ ಹೋಗೂದಿಲ್ಲ." ತಂಗಿ ಮಾರಿ ನೋಡಿ "ಜಗಳಾ ನೀ ಹೆಚ್ಚು ಮಾಡ್ತಿ" ಅಂದ್ರು. ನವಾಂಶ, ಒಂದೊಂದ ರಾಶಿ ಒಂಬತ್ತು ಪಾಲು ಮಾಡಿ ಹಾಕೋ ಚಕ್ರ, ಹಾಕಿದ್ರ ಆ ಆರೂ ಒಂದ ಕಡೆ ಉಳಿಯೂದಿಲ್ಲ, ಬುಧ ಸಿಂಹಕ್ಕ ಹೋದ, ಶನಿ ವೃಶ್ಚಿಕಕ್ಕ, ಹಿಂಗ ಚದುರಿಹೋದ್ರು. ನಾವು ಹೋದಾಗ ಚಂದ್ರ ದಶಾ ನಡದಿತ್ತು, ಅದು 2026ರ ಶುರುವಿಗೆ ಮುಗಿದು ಕುಜ ದಶಾ ಹತ್ತೂದು, 7 ವರ್ಷ, ಯಾವ ಗ್ರಹದ ಫಲ ಯಾವಾಗ ಅನ್ನೋದು ದಶಾದಾಗ ಇರೂದು, ಆರೂ ಮಂದಿ ಒಮ್ಮೆಲೆ ಬಂದು ಬಾಗಲಾ ಬಡಿಯೂದಿಲ್ಲ ಅಂದ್ರು.

ಅಮಾಸಿದ್ದು ನಾನ ಹುರುಪಿಲೆ ಕಡಿಗೆ ಇಟ್ಟುಕೊಂಡಿದ್ದೆ. ಕಾರ್ಡಿನ ಫೋಟೋ ತೋರಿಸಿದೆ, ನೋಡ್ರಿ ಸರ್, ಎಂಟು ಮಿನಿಟಿಲೆ ಪಾಡ್ಯ. ಮಾಸ್ತರು ಕನ್ನಡಕ ತಗದು ಒರಸ್ಕೊಂಡ್ರು. "ಎಂಟು ಮಿನಿಟಿನ್ಯಾಗ ಚಂದ್ರ ಸೂರ್ಯನ ಬಿಟ್ಟು ಎಷ್ಟು ಸರೀತಾನ ಲೆಕ್ಕಾ ಹಾಕು." ಹಾಕಿದೆ, ಐದು ಕಲಾ ಸಮೀಪ. "ಚಂದ್ರನ ಅಗಲ ಎಷ್ಟು?" ಅರ್ಧ ಡಿಗ್ರಿ, 30 ಕಲಾ ಮ್ಯಾಲ. "ಮತ್ತ? ತನ್ನ ಮೈ ಅಗಲದ ಆರನೇ ಪಾಲು ಸರದಾನ. ತಿಥಿ ಹೆಸರು ಬದಲಿ ಆಗ್ಯದ, ಚಂದ್ರಗ ಬೆಳಕು ಬಂದಿಲ್ಲ. ಶಾಂತಿ ಮಾಡಸಬೇಕೋ ಬ್ಯಾಡೋ ಅನ್ನೋರಿಗೆ ನಿನ್ನ ಕಾರ್ಡು ಸಾಕು. ನನಗ ಸಾಕಾಗೂದಿಲ್ಲ. ಚಂದ್ರ ಕ್ಷೀಣ ಅಂದ್ರ ಮನಸ್ಸು ಬೇಗ ಸೋಲ್ತದ, ನಿದ್ದಿ ಕಡಿಮಿ, ತಾಯಿ ಚಿಂತಿ ಹೆಚ್ಚು. ಅದನ್ನ ಮುಚ್ಚಿ ಮಾತಾಡಬಾರದು." ಅದಕ್ಕ ಏನು ಮಾಡ್ಬೇಕ್ರಿ ಅಂದೆ. "ನೈಟ್ ಡ್ಯೂಟಿ ಕಮ್ಮಿ ಹಾಕಿಸ್ಕೋ ಅನ್ನು" ಅಂದ್ರು. ತಂಗಿ ಸ್ಟಾಫ್ ನರ್ಸ್ ಅಂತ ನಾವು ಮೊದಲ ಹೇಳಿದ್ವಿ, ಹಂಗಾಗಿ ಅದು ಗ್ರಹ ಹೇಳಿದ್ದೋ ಮಾಸ್ತರ ಹೇಳಿದ್ದೋ ನನಗ ಈಗೂ ತಿಳಿದಿಲ್ಲ.

ಊಟಕ್ಕ ಏಳಸಿದ್ರು, ನಾವು ಒಯ್ದ ಮೊಸರ ಬಡಸಿದ್ರು. ಉಣ್ಣೋ ಮುಂದ ಗಣಿತದ ಭಾಸ್ಕರಾಚಾರ್ಯರ ಮಾತು ಬಂತು, 1114ರಾಗ ಹುಟ್ಟಿದಾಂವ, ತನ್ನ ಊರು ವಿಜ್ಜಡವಿಡ ಅಂತ ಬರ್ಕೊಂಡಾನ, ನಮ್ಮ ವಿಜಾಪುರನ ಅಂತ ಕೆಲವರು, ಅಲ್ಲ ಮಹಾರಾಷ್ಟ್ರದ ಪಾಟಣದ ಕಡೆ ಅಂತ ಕೆಲವರು. ಅದರ ಮ್ಯಾಲ ಮಾಸ್ತರಿಗೂ ಅವರ ಹೆಂಡ್ತಿಗೂ ವಾದ ಹತ್ತಿ ಹಂಡೆ ತನಕ ಹೋತು. ನಾವು ಏಳೋ ಹೊತ್ತಿಗೆ ಮಾಸ್ತರು "ಹುಡುಗಂದು ತಂದೀಯೇನು, ಒಂದ ಕಡೆದು ನೋಡಿ ಏನು ಮಾಡೂದು" ಅಂದ್ರು. ವಾಟ್ಸ್ಆ್ಯಪಿನ್ಯಾಗ ಬಂದಿದ್ದು ತೋರಿಸಿದೆ. ಕಂಪ್ಯೂಟರ್ ಪ್ರಿಂಟು, ಬಣ್ಣದ ಗಣಪತಿ, ಇಪ್ಪತ್ತು ಪುಟ. ಮೊದಲನೇ ಪುಟದ ಮ್ಯಾಲಿನ ಸಾಲು ಓದಿ ಮೊಬೈಲ್ ನನ್ನ ಕೈಗೆ ವಾಪಸ್ ಕೊಟ್ಟರು.

"ಜೂನ್ 1. ಇದು ಹುಟ್ಟಿದ್ದೇನು, ಸಾಲಿಗೆ ಹಾಕಿದ್ದೇನು?"

ನಾನೂ ತಂಗೀನೂ ಮಾರಿ ಮಾರಿ ನೋಡ್ಕೊಂಡ್ವಿ. ನಮ್ಮ ಅಪ್ಪಂದು ಜೂನ್ 1, ಕಾಕಾಂದು ಜೂನ್ 1, ನಮ್ಮ ಓಣ್ಯಾಗ ಅರ್ಧಾ ಮಂದೀದು ಜೂನ್ 1, ಸಾಲ್ಯಾಗ ಹೆಸರು ಹಚ್ಚೋ ದಿನ ಅಲ್ಲಿನ ಮಾಸ್ತರು ಲೆಕ್ಕಕ್ಕ ಸರಿ ಆಗ್ಲಿ ಅಂತ ಬರ್ಕೊಂಡಿದ್ದು. "ನಾನ ಎಷ್ಟು ಬರದೀನಿ" ಅಂದ್ರು ಅವರು, ನಗಲಿಲ್ಲ.

ಸೇತುವಿ ದಾಟೋ ತನಕ ತಂಗಿ ಮಾತಾಡಲಿಲ್ಲ. ಕೊಲ್ಹಾರದಾಗ ಚಾ ಕುಡಿಯಾಕ ನಿಂತಾಗ ತಾನ ಹುಡುಗಗ ಫೋನ್ ಹಚ್ಚಿದ್ಲು, ನಂಬರ್ ಯಾವಾಗ ತಗೊಂಡಿದ್ಲೋ. ನಾ ದೂರ ನಿಂತೆ, ಆದ್ರೂ ಕೇಳ್ತಿತ್ತು. ಅಂವ ಅವರ ಅವ್ವನ್ನ ಕೇಳಿ ಹೇಳ್ತೀನಿ ಅಂದನಂತ. ಸಂಜಿಗೆ ಮೆಸೇಜ್ ಬಂತು. ಹುಡುಗನ ಅವ್ವಗ ತಾರೀಖು ನೆನಪಿಲ್ಲ, ಚಳಿಗಾಲದ ಎಳ್ಳ ಅಮಾಸಿ ಚರಗ ಚೆಲ್ಲಿ ಬಂದು ಮೂರೋ ನಾಕೋ ದಿನಕ್ಕ ಬ್ಯಾನಿ ಎದ್ದಿದ್ವು, ಹೊಲದಾಗ ಎಳೇ ಜೋಳದ ಸೀತನಿ ಸುಡೋ ದಿನ, ಹೊತ್ತು ಮುಳುಗಿತ್ತೋ ಇಲ್ಲೋ. ಯಾವ ವರ್ಷ ಅಂತ ಕೇಳಿದ್ರ, ಅದನ್ನ ಅವರ ಮಾವ ಬಂದಮ್ಯಾಲ ಹೇಳ್ತಾರಂತ.